ಗಿಟಾರಿನ ಹೆಗಲೇರಿದ ಶರೀಫಜ್ಜ

ತರಗತಿಯಲ್ಲಿ ಯಾವುದೇ ಹಾಡು ಹೇಳಿಕೊಡಿ, ನಮ್ಮ ಕಡೆಯ ಮಕ್ಕಳು ಮೊದಲು ಕೇಳುವ ಪ್ರಶ್ನೆ ಒಂದೇ: "ಟೀಚರ್, ಇದು ಯಾವ ಪಿಚ್ಚರಿಂದ್ರಿ?" ಹಾಡೆಂದರೆ ಅದು ಸಿನಿಮಾದ್ದೇ ಆಗಿರಬೇಕು, ಅದಕ್ಕೊಬ್ಬ ನಾಯಕ, ಒಬ್ಬಳು ನಾಯಕಿ ಇರಲೇಬೇಕು ಎಂಬುದು ಮಕ್ಕಳ ಗಟ್ಟಿ ನಂಬಿಕೆ. ಮಕ್ಕಳನ್ನು ಅಂದು ಏನು ಪ್ರಯೋಜನ? ಮದುವೆ ಮನೆಯಲ್ಲಿ, ಗಣಪತಿ ಪೆಂಡಾಲಿನಲ್ಲಿ, ಬಸ್ಸಿನಲ್ಲಿ, ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಅವರ ಕಿವಿಗೆ ಬೀಳುವುದೆಲ್ಲ ಸಿನಿಮಾದ ಹಾಡೇ. ಸಿನಿಮಾ ಇಲ್ಲದ ಹಾಡು ಅವರ ಪಾಲಿಗೆ ಅಪ್ಪ ಅವ್ವ ಇಲ್ಲದ ಕೂಸಿನಂತೆ.

ಆದರೆ ನಮ್ಮ ಅಜ್ಜಿಯರ ಕಾಲದಲ್ಲಿ ಹೀಗಿರಲಿಲ್ಲ. ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ, ಸೋಬಾನೆಗೆ ಕೂತಾಗ ಅವರ ಬಾಯಿಂದ ಬರುತ್ತಿದ್ದ ಪದಗಳಿಗೆ ಯಾವ ಕಂಪನಿಯ ಹಂಗೂ ಇರಲಿಲ್ಲ. ಭಜನೆಯ ಗುಡಿಯಲ್ಲಿ ಗಂಡಸರು ಇಡೀ ರಾತ್ರಿ ಹಾಡುತ್ತಿದ್ದ ತತ್ವಪದಗಳಿಗೂ ಅಷ್ಟೇ. ಹಾಗಾಗಿ ಈಗ ಪತ್ರಿಕೆಗಳಲ್ಲಿ "ಇಂಡಿ ಪಾಪ್" ಎಂಬ ಮಾತು ಓದಿದಾಗ, ಎಂದರೆ ಸಿನಿಮಾದ ಆಸರೆಯಿಲ್ಲದೆ, ದೊಡ್ಡ ಕಂಪನಿಯ ಕೈ ಹಿಡಿಯದೆ ತಾನೇ ಹಾಡು ಕಟ್ಟಿ ತಾನೇ ಹಾಡುವ ಸ್ವತಂತ್ರ ಗಾಯಕರ ಸುದ್ದಿ ಓದಿದಾಗ, ಇದೇನು ಹೊಸದಪ್ಪ ಎನಿಸುತ್ತದೆ. ಹೆಸರು ಹೊಸದು, ಬಾಳು ಹಳೆಯದು. ಕನ್ನಡದಲ್ಲಿ ಆ ಹೊಸ ಹೆಸರಿಗೆ ಎಲ್ಲರಿಗಿಂತ ಹೆಚ್ಚು ಒಪ್ಪುವವರು ರಘು ದೀಕ್ಷಿತ್. ಅವರು ನಡೆದ ದಾರಿಯನ್ನು, ಆ ದಾರಿಯ ಬೆಳಕು ನೆರಳುಗಳನ್ನು ಕನ್ನಡದ ಶಿಕ್ಷಕಿಯ ಕಿವಿಯಿಂದ ಅಳೆದು ನೋಡುವುದು ಈ ಬರಹದ ಉದ್ದೇಶ.

ನಾನು ಪಾಠ ಹೇಳುವ ಕುಂಚಾವರಂ ಚಿಂಚೋಳಿ ತಾಲೂಕಿನ ಅಂಚಿನಲ್ಲಿದೆ. ಕಾಡಿನ ದಾರಿ ಹಿಡಿದು ಹೋದರೆ ಇತ್ತ ಕರ್ನಾಟಕ ಮುಗಿದು ಅತ್ತ ತೆಲಂಗಾಣ ಶುರುವಾಗುತ್ತದೆ. ನಮ್ಮ ಶಾಲೆಯ ಮಕ್ಕಳಲ್ಲಿ ಅನೇಕರ ಮನೆಮಾತು ತೆಲುಗು. ತಾಂಡಾದಿಂದ ಬರುವವರದು ಲಂಬಾಣಿ, ಇನ್ನು ಕೆಲವರದು ಉರ್ದು. ಕನ್ನಡ ಅವರಿಗೆ ಶಾಲೆಯ ಭಾಷೆ, ಅಂದರೆ ಪರೀಕ್ಷೆಯ ಭಾಷೆ. ಪರೀಕ್ಷೆಯ ಭಾಷೆಯ ಮೇಲೆ ಯಾರಿಗೆ ತಾನೆ ಪ್ರೀತಿ ಹುಟ್ಟೀತು? ಅದಕ್ಕಾಗಿ ನಾನು ಕನ್ನಡವನ್ನು ಹಾಡಿನಲ್ಲಿ ಸುತ್ತಿ ಕೊಡುತ್ತೇನೆ, ಕಹಿ ಗುಳಿಗೆಯನ್ನು ಬೆಲ್ಲದಲ್ಲಿ ಇಟ್ಟು ಕೊಟ್ಟ ಹಾಗೆ. ಕಾಗುಣಿತ ತಪ್ಪುವ ಮಗು ಹಾಡಿನಲ್ಲಿ ಒತ್ತಕ್ಷರ ತಪ್ಪುವುದಿಲ್ಲ. ಹೀಗಾಗಿ ಕನ್ನಡದ ಹಾಡುಗಾರರು ಏನು ಹಾಡುತ್ತಾರೆ, ಹೇಗೆ ಹಾಡುತ್ತಾರೆ ಎಂಬುದು ನನಗೆ ಬರೀ ಹೊತ್ತು ಕಳೆಯುವ ಸಂಗತಿಯಲ್ಲ, ನನ್ನ ಕೆಲಸಕ್ಕೆ ಬೇಕಾದದ್ದು.

ರಘು ದೀಕ್ಷಿತ್ ಹುಟ್ಟಿದ್ದು 1974ರಲ್ಲಿ, ಮಹಾರಾಷ್ಟ್ರದ ನಾಸಿಕದಲ್ಲಿ. ಬೆಳೆದದ್ದು ಮೈಸೂರಿನಲ್ಲಿ, ಸಂಪ್ರದಾಯಸ್ಥ ಮನೆತನದಲ್ಲಿ. ಭರತನಾಟ್ಯವನ್ನು ವರ್ಷಗಟ್ಟಲೆ ಕಲಿತವರು. ಗಂಡು ಹುಡುಗ ಗೆಜ್ಜೆ ಕಟ್ಟಿದರೆ ನಮ್ಮ ಸಮಾಜ ಸುಮ್ಮನಿರುತ್ತದೆಯೇ? ಕಾಲೇಜಿನಲ್ಲಿ ಗೆಳೆಯನೊಬ್ಬ ಗೇಲಿ ಮಾಡಿದ್ದಕ್ಕೆ ಪಂಥ ಕಟ್ಟಿ ಗಿಟಾರು ಕಲಿತದ್ದಾಗಿ ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಓದಿದ್ದು ಸೂಕ್ಷ್ಮಜೀವಿ ವಿಜ್ಞಾನ, ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ. ಆಮೇಲೆ ಕೆಲಸ, ಕೆಲಸದ ಮೇಲೆ ಬೆಲ್ಜಿಯಂ ದೇಶಕ್ಕೆ ಪಯಣ. ಅಲ್ಲಿನ ರೇಡಿಯೋದಲ್ಲಿ ತಮ್ಮ ಹಾಡು ಕೇಳಿಸಿದ ಮೇಲೆ ಅವರ ಮನಸ್ಸು ಸಂಬಳದ ಕೆಲಸದಲ್ಲಿ ನಿಲ್ಲಲಿಲ್ಲ. ಊರಿಗೆ ಬಂದು ಹಾಡನ್ನೇ ನೆಚ್ಚಿಕೊಂಡರು.

ಮೊದಲು "ಅಂತರಾಗ್ನಿ" ಎಂಬ ತಂಡ ಕಟ್ಟಿದರು. ಅದು ಒಡೆಯಿತು. 2005ರ ಹೊತ್ತಿಗೆ "ದಿ ರಘು ದೀಕ್ಷಿತ್ ಪ್ರಾಜೆಕ್ಟ್" ಎಂಬ ಹೆಸರಿನಲ್ಲಿ ಮತ್ತೊಂದು. ಈ ತಂಡದ ಕಲ್ಪನೆ ನನಗೆ ಹಿಡಿಸುತ್ತದೆ. ಬಾಗಿಲು ತೆರೆದಿಟ್ಟ ಮನೆಯಂತೆ, ವಾದ್ಯ ನುಡಿಸುವವರು ಬರಬಹುದು, ಕೆಲಕಾಲ ಇರಬಹುದು, ತಮ್ಮ ದಾರಿ ಹಿಡಿದು ಹೋಗಬಹುದು. ಹಾಡುಗಳು ತಯಾರಿದ್ದವು, ಕೊಳ್ಳುವ ಕಂಪನಿ ಇರಲಿಲ್ಲ. ಹತ್ತಿರ ಹತ್ತಿರ ಎಂಟು ವರ್ಷ ಕಂಪನಿಗಳ ಬಾಗಿಲು ಬಡಿದರು. ಕೊನೆಗೆ ಮುಂಬಯಿಯಲ್ಲಿ ಅವರ ಹಾಡು ಕೇಳಿದ ಹಿಂದಿ ಚಿತ್ರಗಳ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ತಾವೇ ಒಂದು ಸಣ್ಣ ಸಂಸ್ಥೆ ತೆಗೆದು 2008ರಲ್ಲಿ ಮೊದಲ ಆಲ್ಬಮ್ ಹೊರತಂದರು.

ಎಂಟು ವರ್ಷವೆಂದು ಬರೆಯುವುದು ಸುಲಭ. ನಮ್ಮ ಊರುಗಳಲ್ಲಿ ಮನೆಯ ಪಡಸಾಲೆಯಲ್ಲೇ ಹೊಲಿಗೆ ಮಿಶಿನ್ನು ಇಟ್ಟುಕೊಂಡು ರವಿಕೆ ಹೊಲಿಯುವ ಹೆಣ್ಣುಮಕ್ಕಳನ್ನು ಕೇಳಿದರೆ ಇದರ ಅರ್ಥ ಹೇಳುತ್ತಾರೆ. ಪೇಟೆಯ ಟೇಲರ್ ಅಂಗಡಿಯಲ್ಲಿ ಕೂಲಿಗೆ ಕೂತರೆ ವಾರಕ್ಕೊಮ್ಮೆ ಕಾಸು ಕೈಗೆ ಬರುತ್ತದೆ, ಆದರೆ ಹೊಲಿದ ರವಿಕೆಯ ಮೇಲೆ ಅಂಗಡಿಯ ಹೆಸರು. ಮನೆಯಲ್ಲಿ ಹೊಲಿದರೆ ಹೆಸರು ತನ್ನದು, ಗಿರಾಕಿ ಬಾರದ ದಿನದ ಹಸಿವೂ ತನ್ನದೇ. ಸ್ವತಂತ್ರ ಗಾಯಕನ ಬಾಳೂ ಇಷ್ಟೇ. ರಘು ದೀಕ್ಷಿತ್ ಅವರಿಗೆ ಓದು ಇತ್ತು, ನೌಕರಿ ಇತ್ತು, ಬೇಕೆಂದರೆ ಹಿಂದಿರುಗುವ ದಾರಿಯೂ ಇತ್ತು. ಎಲ್ಲ ಬಿಟ್ಟು ನಿಂತ ಛಲವನ್ನು ನಾನು ಮೆಚ್ಚುತ್ತೇನೆ. ಆದರೆ ಅಂಥ ಓದು, ಅಂಥ ಮನೆತನದ ಬೆನ್ನು ಇಲ್ಲದವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಎಂಟು ವರ್ಷ ಕಾಯುವ ಸವಲತ್ತು ಯಾರು ಕೊಡುತ್ತಾರೆ ಎಂಬ ಪ್ರಶ್ನೆಯನ್ನೂ ಮೆಚ್ಚುಗೆಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತೇನೆ.

ಮೊದಲ ಆಲ್ಬಮ್ಮಿನ ನಂತರ ಬಾಗಿಲುಗಳು ಒಂದರ ಹಿಂದೊಂದು ತೆರೆದವು. ಅದೇ 2008ರಲ್ಲಿ "ಸೈಕೋ" ಎಂಬ ಕನ್ನಡ ಚಿತ್ರಕ್ಕೆ ಸಂಗೀತ ಕೊಟ್ಟರು. ಅದರಲ್ಲಿನ ಮಾದೇಶ್ವರನ ಹಾಡು ಚಿತ್ರಕ್ಕಿಂತ ಹೆಚ್ಚು ಓಡಿತು. 2010ರಲ್ಲಿ ಸುದೀಪ್ ಅವರ "ಜಸ್ಟ್ ಮಾತ್ ಮಾತಲ್ಲಿ". ಅದೇ ವರ್ಷ ಇಂಗ್ಲೆಂಡಿನ ಬಿ.ಬಿ.ಸಿ. ದೂರದರ್ಶನದಲ್ಲಿ ಜೂಲ್ಸ್ ಹಾಲೆಂಡ್ ನಡೆಸುವ ಹೆಸರಾಂತ ಸಂಗೀತ ಕಾರ್ಯಕ್ರಮದಲ್ಲಿ ಹಾಡಿದರು. 2011ರಲ್ಲಿ "ಸಾಂಗ್‌ಲೈನ್ಸ್" ಎಂಬ ಅಲ್ಲಿನ ಪತ್ರಿಕೆಯಿಂದ ಹೊಸ ಪ್ರತಿಭೆಯ ಪ್ರಶಸ್ತಿ. 2013ರಲ್ಲಿ "ಜಗ್ ಚಂಗಾ" ಎಂಬ ಎರಡನೆಯ ಆಲ್ಬಮ್. ಜರಿಯಂಚಿನ ಲುಂಗಿ, ಬರಿಗಾಲು, ಕಾಲಿಗೆ ಗೆಜ್ಜೆ, ಕೊರಳಲ್ಲಿ ಗಿಟಾರು: ಈ ವೇಷದಲ್ಲಿ ಕನ್ನಡದ ಪದಗಳು ಸಮುದ್ರ ದಾಟಿದವು. ಗಂಡಸಿನ ಕಾಲಿಗೆ ಗೆಜ್ಜೆಯೇ ಎಂದು ನಕ್ಕ ಗೆಳೆಯನಿಗೆ ಇದಕ್ಕಿಂತ ಚೆಂದದ ಉತ್ತರ ಬೇಕೇ?

ದಾಟಿದ ಪದಗಳಲ್ಲಿ ಮುಖ್ಯವಾದವು ಸಂತ ಶಿಶುನಾಳ ಶರೀಫರವು ಎಂಬುದನ್ನು ಮರೆಯಬಾರದು. ಶರೀಫರು 1819ರಿಂದ 1889ರವರೆಗೆ ಬಾಳಿದವರು. ಇಂದಿನ ಹಾವೇರಿ ಜಿಲ್ಲೆಯ ಶಿಶುನಾಳದವರು, ಕಳಸದ ಗೋವಿಂದಭಟ್ಟರ ಶಿಷ್ಯರು. ಕೆಲಕಾಲ ಶಾಲಾ ಮಾಸ್ತರರೂ ಆಗಿದ್ದರೆಂಬುದು ನನ್ನಂಥವಳಿಗೆ ವಿಶೇಷ ಹೆಮ್ಮೆ. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು. ಇಬ್ಬರನ್ನೂ ಅವರವರ ಜನ ಬೈದರು, ಇಬ್ಬರೂ ಕೈ ಬಿಡಲಿಲ್ಲ. ಆ ಪದಗಳು ನೂರು ವರ್ಷ ಭಜನೆಯ ಬಾಯಲ್ಲಿ ಉಳಿದು, ಆಮೇಲೆ ಸಿ. ಅಶ್ವತ್ಥ್ ಮತ್ತು ಶಿವಮೊಗ್ಗ ಸುಬ್ಬಣ್ಣ ಅವರ ಕಂಠದಿಂದ ಕ್ಯಾಸೆಟ್ಟಿಗೆ ಬಂದವು. 1990ರಲ್ಲಿ ನಾಗಾಭರಣ ಅವರ "ಸಂತ ಶಿಶುನಾಳ ಶರೀಫ" ಚಿತ್ರ ಬಂದ ಮೇಲೆ ಅವು ಟೇಪ್‌ರೆಕಾರ್ಡರ್ ಇದ್ದ ಮನೆಮನೆಯನ್ನೂ ಹೊಕ್ಕವು. ನಮ್ಮ ವಯಸ್ಸಿನ ಹೆಂಗಸರಿಗೆ ಶರೀಫಜ್ಜನ ದನಿಯೆಂದರೆ ಅಶ್ವತ್ಥರ ದನಿಯೇ.

ಆದ್ದರಿಂದ ರಘು ದೀಕ್ಷಿತ್ ಅವರನ್ನು ತೂಗುವಾಗ ತಕ್ಕಡಿಯಲ್ಲಿ ಮೂರು ಬಟ್ಟಲು ಬೇಕಾಗುತ್ತವೆ. ಒಂದರಲ್ಲಿ ಭಜನೆ, ಇನ್ನೊಂದರಲ್ಲಿ ಅಶ್ವತ್ಥ್, ಮೂರನೆಯದರಲ್ಲಿ ಗಿಟಾರಿನ ರಘು.

ಭಜನೆಯ ಮಾತು ಮೊದಲು. ನಮ್ಮ ಕಲಬುರಗಿ ಸೀಮೆ ತತ್ವಪದಗಳ ತವರು. ಕಡಕೋಳ ಮಡಿವಾಳಪ್ಪನವರ ಪದಗಳನ್ನು ಅಕ್ಷರ ಬಾರದವರೂ ಹಾಡುತ್ತಾರೆ. ಏಕತಾರಿ, ದಮ್ಮಡಿ, ತಾಳ, ಇಷ್ಟೇ ಸಾಮಾನು. ಒಬ್ಬ ಎತ್ತಿಕೊಡುತ್ತಾನೆ, ಉಳಿದವರು ಹಿಡಿಯುತ್ತಾರೆ. ಒಂದೇ ಸಾಲನ್ನು ಏಳು ಸಲ, ಎಂಟು ಸಲ ತಿರುವಿ ತಿರುವಿ ಹಾಡುತ್ತಾರೆ. ಮೊದಲ ಸಲ ಕಿವಿಗೆ ಬಿದ್ದದ್ದು ಎಂಟನೆಯ ಸಲಕ್ಕೆ ಎದೆಗೆ ಇಳಿಯುತ್ತದೆ. ಅಲ್ಲಿ ವೇದಿಕೆ ಇಲ್ಲ, ಕೇಳುವವರು ಬೇರೆ ಹಾಡುವವರು ಬೇರೆ ಎಂಬ ಭೇದವಿಲ್ಲ. ಪದದ ಕೊನೆಯಲ್ಲಿ ಬರುವ ಅಂಕಿತ ಬರೆದವರದು. ಹಾಡಿದವನ ಹೆಸರು ಎಲ್ಲಿಯೂ ಬರುವುದಿಲ್ಲ. ಹಾಡುವವನು ಹೊರೆ ಹೊತ್ತವನು ಮಾತ್ರ, ಮಾಲು ಅವನದಲ್ಲ.

ಅಶ್ವತ್ಥರು ಮಾಡಿದ್ದೇನು? ಅವರು ಮಾತಿಗೆ ದೀಪ ಹಿಡಿದರು. ಎಲ್ಲಿ ತಡೆಯಬೇಕು, ಎಲ್ಲಿ ಎತ್ತರಿಸಬೇಕು, ಯಾವ ಅಕ್ಷರದ ಮೇಲೆ ಉಸಿರು ಹಾಕಬೇಕು ಎಂಬುದರಲ್ಲೇ ಅರ್ಥ ಬಿಚ್ಚಿಕೊಳ್ಳುತ್ತಿತ್ತು. ಅವರ ಹಾಡು ಕೇಳಿದರೆ ಟಿಪ್ಪಣಿ ಓದುವ ಅಗತ್ಯ ಬೀಳುತ್ತಿರಲಿಲ್ಲ. ಆದರೆ ಅವರೆದುರು ನಾವು ಕೈಕಟ್ಟಿ ಕೂತು ಕೇಳುವವರಾದೆವು. ಗುಡಿಯ ಪದ ಸಭೆಯ ಪದವಾಯಿತು.

ರಘು ದೀಕ್ಷಿತ್ ಸಭೆಯನ್ನು ಎಬ್ಬಿಸಿ ನಿಲ್ಲಿಸಿದರು. ಅವರ ಕಾರ್ಯಕ್ರಮದ ದೃಶ್ಯಗಳನ್ನು ನೋಡಿದವರಿಗೆ ಗೊತ್ತು, ಹಾಡಿನ ನಡುವೆ ನಿಲ್ಲಿಸಿ ಕಥೆ ಹೇಳುತ್ತಾರೆ, ನಗಿಸುತ್ತಾರೆ, ಸಾಲನ್ನು ಎತ್ತಿಕೊಟ್ಟು ಜನರಿಂದ ಹಾಡಿಸುತ್ತಾರೆ. ಕನ್ನಡದ ಗಂಧವೇ ಇಲ್ಲದ ಬಿಳಿಯರೂ ಕುಣಿಯುತ್ತಾರೆ. ಒಂದು ಲೆಕ್ಕಕ್ಕೆ ಇದು ಭಜನೆಯ ಕಡೆಗೆ ಮರಳಿದ ಹೆಜ್ಜೆ. ಎತ್ತಿಕೊಡುವವನು, ಹಿಡಿಯುವವರು ಎಂಬ ಹಳೆಯ ಪದ್ಧತಿ ಮೈಕು ಮತ್ತು ಬಣ್ಣದ ದೀಪಗಳ ನಡುವೆ ಮತ್ತೆ ಹುಟ್ಟಿತು. ಅಶ್ವತ್ಥರಲ್ಲಿ ಇಲ್ಲದಿದ್ದ ಈ ಗುಣ ರಘು ಅವರಲ್ಲಿ ಧಾರಾಳವಾಗಿದೆ, ಅದನ್ನು ಸಣ್ಣದೆಂದು ನಾನು ಹೇಳಲಾರೆ. ಕನ್ನಡವೆಂದರೆ ಮೂಗು ಮುರಿಯುತ್ತಿದ್ದ ಬೆಂಗಳೂರಿನ ಕಾಲೇಜು ಹುಡುಗ ಹುಡುಗಿಯರು ಶರೀಫರ ಪದಕ್ಕೆ ಕೈ ಎತ್ತಿದ್ದು ಅವರಿಂದ.

ಹಾಗಾದರೆ ಕಳೆದುಹೋದದ್ದು ಏನೂ ಇಲ್ಲವೇ? ಅದನ್ನು ನನಗೆ ತಿಳಿಸಿಕೊಟ್ಟದ್ದು ತಾಂಡಾದ ಒಬ್ಬ ಹುಡುಗಿ. ರಘು ದೀಕ್ಷಿತ್ ಅವರಿಂದ ಹೊಸ ಕಾಲಕ್ಕೆ ಪರಿಚಯವಾದ ಗುಡುಗುಡಿಯ ಪದವನ್ನು ತರಗತಿಯಲ್ಲಿ ಮೊಬೈಲಿನಿಂದ ಕೇಳಿಸಿದ್ದೆ. ಮಕ್ಕಳೆಲ್ಲ ಬೆಂಚು ಬಡಿದು ಕುಣಿದರು. ಹಾಡು ಮುಗಿದ ಮೇಲೆ, "ಗುಡುಗುಡಿ ಅಂದರೇನು?" ಎಂದು ಕೇಳಿದೆ. ಒಬ್ಬ ಹುಡುಗ "ಮಳಿಗಾಲದಾಗ ಗುಡುಗತದಲ್ರಿ, ಅದು" ಎಂದ. ಮತ್ತೊಬ್ಬ "ಮೋಟರ್ ಸೈಕಲ್ ಸಪ್ಪಳಾರಿ" ಎಂದ. ಆಗ ಹಿಂದಿನ ಸಾಲಿನಿಂದ ಈ ಹುಡುಗಿ ಎದ್ದು ನಿಂತು, ತಮ್ಮ ಮುತ್ಯಾ ಹುಕ್ಕಾ ಸೇದುತ್ತಿದ್ದನೆಂದೂ, ಕೆಳಗಿನ ಚೊಂಬಿನಲ್ಲಿ ನೀರು ಇರುತ್ತದೆಂದೂ ಹೇಳಿದಳು. "ಹೊಗಿ ನೀರಾಗಿಂದ ಬರ್ತದ್ರಿ ಟೀಚರ್, ಅದಕ್ಕ ಗುಡುಗುಡು ಅಂತದ. ನೀರ ಇಲ್ಲಂದ್ರ ಸಪ್ಪಳಾನೂ ಇಲ್ಲ, ಗಂಟಲಾನೂ ಸುಡ್ತದ."

ಶರೀಫರ ಆ ಪದದಲ್ಲಿ ಹುಕ್ಕಾ ಬರೀ ಹುಕ್ಕಾ ಅಲ್ಲ. ಮನಸ್ಸು, ಮೋಹ, ಬುದ್ಧಿ ಒಂದೊಂದೂ ಅದರ ಒಂದೊಂದು ಸಾಮಾನು. ಮೋಹವನ್ನು ಸುಟ್ಟು ಹೊಗೆ ಮಾಡಬೇಕು ಎಂಬುದು ಒಳಗಿನ ಮಾತು. ಗಿಟಾರಿನ ಬೀಸಿನಲ್ಲಿ, ಡ್ರಮ್ಮಿನ ಹೊಡೆತದಲ್ಲಿ ಪದ ಓಡುವಾಗ ಈ ಒಳಗಿನ ಮಾತು ಕಿವಿಗೆ ನಿಲ್ಲುವುದಿಲ್ಲ. ಸೇದುವ ಮೋಜು ಉಳಿಯುತ್ತದೆ, ಸುಡುವ ಮೋಹ ಮರೆಯಾಗುತ್ತದೆ. ಭಜನೆಯವರು ಎಂಟು ಸಲ ತಿರುವುತ್ತಿದ್ದುದು ಯಾಕೆಂದರೆ, ಹೊಗೆ ನೀರಿನೊಳಗಿಂದ ಹಾದು ಬರಲೆಂದು. ಆ ಹುಡುಗಿಯ ಮಾತನ್ನೇ ಎರವಲು ಪಡೆದು ಹೇಳುವುದಾದರೆ, ರಘು ದೀಕ್ಷಿತ್ ಅವರ ಕೆಲವು ಶರೀಫ ಪದಗಳಲ್ಲಿ ಬೆಂಕಿ ಇದೆ, ಹೊಗೆ ಇದೆ, ನೀರು ಸ್ವಲ್ಪ ಕಡಿಮೆ.

ಎಲ್ಲ ಪದಗಳ ಮೇಲೂ ಈ ದೂರು ಹೊರಿಸುವುದು ಅನ್ಯಾಯ. "ಲೋಕದ ಕಾಳಜಿ" ಪದವನ್ನು ಅವರು ಹಾಡುವ ರೀತಿ ಬೇರೆ. ಜಗದ ಭಾರವೆಲ್ಲ ತನ್ನ ತಲೆಯ ಮೇಲೇ ಇದೆ ಎಂದು ಬೀಗುವವನನ್ನು ಮೆಲ್ಲಗೆ ಚುಚ್ಚುವ ಪದ ಅದು. ಅಲ್ಲಿ ನಗೆ ಬೇಕು, ಚೇಷ್ಟೆ ಬೇಕು, ಜೊತೆಗೆ ಪ್ರೀತಿಯೂ ಬೇಕು. ಈ ಮೂರೂ ಅವರ ಸ್ವಭಾವದಲ್ಲೇ ಇರುವುದರಿಂದ ಪದ ಅವರ ಬಾಯಲ್ಲಿ ಚೆನ್ನಾಗಿ ಕೂರುತ್ತದೆ. ಮೈಸೂರಿನ ನಾಲಗೆ ಧಾರವಾಡ ಸೀಮೆಯ ಮಾತನ್ನು ಆಡುವಾಗ ಅಲ್ಲಲ್ಲಿ ತೊಡಕುವುದನ್ನು ನಮ್ಮ ಕಡೆಯ ಕಿವಿ ಹಿಡಿಯುತ್ತದೆ. ಇರಲಿ, ಅಷ್ಟು ದೂರದ ಸೊಸೆ ಅತ್ತೆಮನೆಯ ಮಾತು ಕಲಿಯುವಾಗ ಇಷ್ಟಾದರೂ ಆಗದಿದ್ದೀತೇ?

ಇನ್ನು ಅವರ ಸ್ವಂತ ಹಾಡುಗಳ ವಿಚಾರ. ಮೊದಲ ಆಲ್ಬಮ್ಮಿನಲ್ಲಿ ಕನ್ನಡದ ಪಕ್ಕದಲ್ಲೇ ಹಿಂದಿ ಮತ್ತು ಇಂಗ್ಲಿಷ್ ಹಾಡುಗಳಿವೆ. ಮೈಸೂರಿನಿಂದ ಬಂದ ಚೆಲುವೆಯ ಬಗೆಗಿನ ಹಾಡೇ ಹಿಂದಿಯಲ್ಲಿದೆ! ರಾಗ ಕಟ್ಟುವುದರಲ್ಲಿ ಅವರು ಬಲವಂತರು. ಒಂದು ಸಲ ಕೇಳಿದರೆ ಸಂಜೆ ರೊಟ್ಟಿ ಬಡಿಯುವಾಗ ತಾನಾಗಿ ಬಾಯಿಗೆ ಬರುತ್ತದೆ. ಆದರೆ ರಾಗದ ಬಲಕ್ಕೆ ಸಮನಾದ ಮಾತು ಅವರ ಹಾಡಿನಲ್ಲಿ ಸಿಗುವುದು ಆ ಮಾತು ಅವರಿಗಿಂತ ಹಳೆಯದಾಗಿದ್ದಾಗ. ಶರೀಫರ ಪದ ಹೊತ್ತಾಗ ಎತ್ತರಕ್ಕೆ ಹೋಗುವ ಗಾಯಕ, ಪ್ರೇಮದ ಸಾಮಾನ್ಯ ಸಾಲುಗಳನ್ನು ಹಾಡುವಾಗ ಹತ್ತರಲ್ಲಿ ಒಬ್ಬರಾಗುತ್ತಾರೆ. 2020ರ "ಲವ್ ಮಾಕ್‌ಟೇಲ್" ಚಿತ್ರದ ಹಾಡುಗಳು ಇಂಪಾಗಿವೆ, ಹುಡುಗಿಯರು ಮೊಬೈಲಿನ ರಿಂಗಿಗೆ ಇಟ್ಟುಕೊಂಡಿದ್ದರು. ಆದರೂ ಅವನ್ನು ಇನ್ನೊಬ್ಬ ಒಳ್ಳೆಯ ಸಂಗೀತ ನಿರ್ದೇಶಕರೂ ಮಾಡಬಹುದಿತ್ತು ಎನಿಸುತ್ತದೆ. ಗುಡುಗುಡಿಯ ಪದವನ್ನು ಹಾಗೆ ಮಾಡಲು ಮತ್ತೊಬ್ಬರಿಗೆ ಆಗುತ್ತಿರಲಿಲ್ಲ. ವಿಮರ್ಶೆಯೆಂದರೆ ಈ ಎರಡರ ಅಂತರ ಹೇಳುವುದು ತಾನೆ? ಚಿತ್ರಗಳಲ್ಲಿ ನನಗೆ ಆಪ್ತವೆನಿಸಿದ ವಸ್ತುವೆಂದರೆ 2023ರ "ಆರ್ಕೆಸ್ಟ್ರಾ ಮೈಸೂರು". ಊರೂರು ತಿರುಗಿ ಬೇರೆಯವರ ಹಾಡನ್ನು ಹಾಡಿ ಹೊಟ್ಟೆ ಹೊರೆಯುವ ವಾದ್ಯಗೋಷ್ಠಿಯವರ ಬದುಕಿಗೆ, ತಮ್ಮದೇ ಹಾಡಿಗಾಗಿ ವರ್ಷಗಟ್ಟಲೆ ಕಾದ ರಘು ದೀಕ್ಷಿತ್ ಸಂಗೀತ ಕೊಟ್ಟದ್ದು ಒಪ್ಪುವಂಥದ್ದು.

ಹೆಂಗಸರು ಓದುವ ಪುಸ್ತಕದಲ್ಲಿ ಇನ್ನೊಂದು ಸಂಗತಿಯನ್ನು ಬಿಟ್ಟು ಬರೆದರೆ ಬರಹ ಕುಂಟುತ್ತದೆ. 2018ರ ಅಕ್ಟೋಬರಿನಲ್ಲಿ, ದೇಶದುದ್ದಕ್ಕೂ ಹೆಣ್ಣುಮಕ್ಕಳು ತಮಗಾದದ್ದನ್ನು ಬಾಯಿಬಿಟ್ಟು ಹೇಳತೊಡಗಿದ್ದ ದಿನಗಳಲ್ಲಿ, ಗಾಯಕಿ ಚಿನ್ಮಯಿ ಶ್ರೀಪಾದ ಅವರು ಹೆಸರು ಹೇಳಬಯಸದವರ ಪರವಾಗಿ ರಘು ದೀಕ್ಷಿತ್ ಅವರ ಮೇಲೆ ಅನುಚಿತ ವರ್ತನೆಯ ಆರೋಪವನ್ನು ಬಹಿರಂಗಪಡಿಸಿದರು. ಅವರು ಸಾರ್ವಜನಿಕವಾಗಿ ಕ್ಷಮೆ ಕೇಳಿದರು, ಘಟನೆ ನಿಜ ಆದರೆ ಹೇಳಿದಂತೆಯೇ ಪೂರ್ತಿ ನಡೆದದ್ದಲ್ಲ ಎಂದೂ ಹೇಳಿದರು. ಪತ್ರಿಕೆಗಳಲ್ಲಿ ಬಂದದ್ದು ಇಷ್ಟು. ನ್ಯಾಯಾಧೀಶರ ಕುರ್ಚಿ ನನ್ನದಲ್ಲ, ಹಾಗಾಗಿ ತೀರ್ಪು ಬರೆಯುವುದಿಲ್ಲ.

ಆದರೆ "ಸ್ವತಂತ್ರ" ಎಂಬ ಮಾತಿನ ಬಗ್ಗೆ ಯೋಚಿಸುವ ಹಕ್ಕು ನನಗಿದೆ. ಸ್ವತಂತ್ರ ಗಾಯನದ ಲೋಕದಲ್ಲಿ ಕಚೇರಿಯಿಲ್ಲ, ಹಾಜರಿ ಪುಸ್ತಕವಿಲ್ಲ, ಮೇಲಧಿಕಾರಿಯಿಲ್ಲ. ಧ್ವನಿಮುದ್ರಣದ ಕೋಣೆ ಎಷ್ಟೋ ಸಲ ಯಾರದೋ ಮನೆಯ ಒಂದು ಮೂಲೆ. ಕಂಪನಿಯ ಹಂಗಿಲ್ಲ ಎಂಬುದು ಎಷ್ಟು ನಿಜವೋ, ಹಾಡಲು ಬಂದ ಹುಡುಗಿಗೆ ದೂರು ಹೇಳಲು ಜಾಗವಿಲ್ಲ ಎಂಬುದೂ ಅಷ್ಟೇ ನಿಜ. ಕೆಲಸದ ಸ್ಥಳದಲ್ಲಿ ಹೆಣ್ಣಿನ ರಕ್ಷಣೆಗೆ 2013ರಲ್ಲಿ ಕಾನೂನು ಬಂದಿದೆ. ಹತ್ತು ಜನಕ್ಕಿಂತ ಕಡಿಮೆ ಇರುವ ಕಡೆ ಕೆಲಸ ಮಾಡುವವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು ಎಂದು ಅದರಲ್ಲೇ ಇದೆ. ಹಾಡುವ ಹುಡುಗಿಗೂ, ಅವಳನ್ನು ಕಳಿಸುವ ತಾಯಿಗೂ ಇದು ಗೊತ್ತಿರಬೇಕು. ಮಗಳಿಗೆ ತಂಬೂರಿಯೋ ಗಿಟಾರೋ ಕೊಡಿಸುವ ದಿನವೇ ಈ ಮಾತನ್ನೂ ಹೇಳಿಕೊಡಬೇಕು.

ಹಾಗೆಂದು ಆ ಹಾಡುಗಳನ್ನು ಕೇಳುವುದೇ ಬೇಡವೇ? ಈ ಪ್ರಶ್ನೆಯನ್ನು ನನ್ನ ಸಹೋದ್ಯೋಗಿ ಶಿಕ್ಷಕಿಯೊಬ್ಬರು ನೇರವಾಗಿ ಕೇಳಿದರು. ತಾವು ಮಾತ್ರ ಆ ದಿನದಿಂದ ಅವರ ಹಾಡು ಹಚ್ಚಿಲ್ಲವೆಂದರು. ಅವರ ಮನಸ್ಸು ನನಗೆ ಅರ್ಥವಾಗುತ್ತದೆ. ಹಾಡು ಕಿವಿಗೆ ಬಿದ್ದ ಕೂಡಲೇ ಮತ್ತೊಂದು ನೆನಪಾದರೆ ಕೇಳುವುದಾದರೂ ಹೇಗೆ? ನನ್ನ ದಾರಿ ಬೇರೆ. ತತ್ವಪದದ ಪದ್ಧತಿಯೇ ನನಗೆ ಇಲ್ಲಿ ಆಸರೆ. ಮಾಲು ಹಾಡಿದವನದಲ್ಲ. ಶರೀಫರ ಪದವನ್ನು ಯಾರ ಕೊರಳಿಂದ ಕೇಳಿದರೂ ಅಂಕಿತ ಶರೀಫರದೇ. ಆದರೆ ಹಾಡಿದವರನ್ನು ದೇವರ ಕಟ್ಟೆಯ ಮೇಲೆ ಕೂರಿಸುವ ಅಭ್ಯಾಸವನ್ನು ನಾವು ಬಿಡಬೇಕು. ಭಜನೆಯವರು ಎಂದೂ ಹಾಗೆ ಮಾಡಲಿಲ್ಲ. ಅಲ್ಲಿ ಎತ್ತಿಕೊಟ್ಟವನೂ ಪದ ಮುಗಿದ ಮೇಲೆ ಎಲ್ಲರ ಸಾಲಿನಲ್ಲಿ ಕೂತು ಚಹಾ ಕುಡಿಯುತ್ತಾನೆ. ಸ್ವತಂತ್ರ ಗಾಯಕನ ಕಷ್ಟವೆಂದರೆ, ಕಂಪನಿಯ ಬಲವಿಲ್ಲದ ಅವನು ತನ್ನ ಮುಖವನ್ನೇ, ತನ್ನ ವೇಷವನ್ನೇ, ತನ್ನ ಕಥೆಯನ್ನೇ ಮಾರಬೇಕಾಗುತ್ತದೆ. ಹೀಗೆ ಪದಕ್ಕಿಂತ ಪದ ಹೊತ್ತವನು ದೊಡ್ಡವನಾಗಿ ಕಾಣುತ್ತಾನೆ. ತಂಡಕ್ಕೆ ಬಾಗಿಲು ತೆರೆದ ಮನೆಯೆಂಬ ಕಲ್ಪನೆಯಿದ್ದರೂ ಬಾಗಿಲ ಮೇಲಿನ ಹೆಸರು ಒಬ್ಬರದೇ ಆಯಿತಲ್ಲ, ಅದರಲ್ಲೇ ಈ ತೊಡಕಿನ ಬೀಜವಿದೆ.

ಈಗ ಕನ್ನಡದಲ್ಲಿ ಸ್ವತಂತ್ರವಾಗಿ ಹಾಡುವ ಹೆಣ್ಣುಮಕ್ಕಳೂ ಕಾಣಿಸುತ್ತಿದ್ದಾರೆ. ಭಾವಗೀತೆಯಿಂದ ಬೆಳೆದು ಹಲವು ಬಗೆಯ ಪ್ರಯೋಗ ಮಾಡಿದ ಎಂ.ಡಿ. ಪಲ್ಲವಿ, ಕಬೀರನಿಂದ ಹಿಡಿದು ವಚನದವರೆಗೆ ಹಾಡುವ, 2018ರ "ನಾತಿಚರಾಮಿ" ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಬಿಂದುಮಾಲಿನಿ, ಎಲ್ಲಮ್ಮನಾಟದ ಹಾಡುಗಳನ್ನು ಜೋಗತಿಯರಿಂದಲೇ ಕಲಿತು ಹಾಡುತ್ತಿರುವ ಶಿಲ್ಪಾ ಮುಡಬಿ. ಇವರ ದಾರಿಗಳು ಬೇರೆ ಬೇರೆ. ಆದರೆ ಸಿನಿಮಾದ ಹಂಗಿಲ್ಲದೆ ಕನ್ನಡದ ಹಾಡು ಹೊಸಬರ ಮುಂದೆ ನಿಲ್ಲಬಲ್ಲದು, ಟಿಕೆಟ್ಟು ಕೊಂಡು ಜನ ಬರಬಲ್ಲರು ಎಂಬ ಧೈರ್ಯ ಇಂಥ ಎಲ್ಲರಿಗೂ ಸಿಗುವುದರಲ್ಲಿ ರಘು ದೀಕ್ಷಿತ್ ಅವರ ಎಂಟು ವರ್ಷದ ಕಾಯುವಿಕೆಗೂ ಒಂದು ಪಾಲಿದೆ. ಅದನ್ನು ಅವರಿಂದ ಯಾರೂ ಕಸಿಯಲಾಗದು. ಅವರು ಇನ್ನೂ ಹಾಡುತ್ತಿರುವವರು. ಹೊತ್ತ ಪದದಷ್ಟೇ ಗಟ್ಟಿಯಾದ, ತಮ್ಮದೇ ಆದ ಕನ್ನಡದ ಮಾತಿಗಾಗಿ ಅವರು ಇನ್ನೊಮ್ಮೆ ಕಾಯಲಿ ಎಂದು ನನ್ನ ಆಸೆ. ಕಾಯುವುದು ಅವರಿಗೆ ಬರುತ್ತದೆ.

ಗೆಳತಿಯರೇ, ನಿಮ್ಮ ಮಕ್ಕಳ ಮೊಬೈಲಿನಲ್ಲಿ ಶರೀಫರ ಪದ ಗಿಟಾರಿನೊಂದಿಗೆ ಬಂದರೆ "ಏನಿದು ಕುಣಿತ" ಎಂದು ಆರಿಸಬೇಡಿ, ಕೂತು ಕೇಳಿ. ಆಮೇಲೆ ಅದೇ ಪದವನ್ನು ಅಶ್ವತ್ಥರ ದನಿಯಲ್ಲಿ ಕೇಳಿಸಿ. ಶರೀಫರ ಪದಗಳ ಪುಸ್ತಕ ತಂದು ಅಡಿಗೆಮನೆಯ ಮಾಡಿನಲ್ಲಿ ಇಡಿ, ಮಕ್ಕಳ ಕೈಯಿಂದ ಓದಿಸಿ, ಒಂದೊಂದು ಮಾತಿನ ಅರ್ಥ ಕೇಳಿ. ಅರ್ಥ ಗೊತ್ತಿಲ್ಲದಿದ್ದರೆ ಓಣಿಯ ಹಿರಿಯರನ್ನು ಕೇಳಲಿ. ಅಮಾವಾಸ್ಯೆಯ ರಾತ್ರಿ ನಿಮ್ಮೂರ ಗುಡಿಯಲ್ಲಿ ಇನ್ನೂ ಭಜನೆ ನಡೆಯುತ್ತಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ, ಬಾಗಿಲಲ್ಲಿ ನಿಲ್ಲದೆ ಒಳಗೆ ಕೂರಿ. ಎತ್ತಿಕೊಡುವ ಸರದಿ ಹೆಂಗಸರಿಗೂ ಬರಲಿ ಎಂದು ಕೇಳಿ.

ಇಷ್ಟಾದ ಮೇಲೂ ಮಗು "ಇದು ಯಾವ ಪಿಚ್ಚರಿಂದು?" ಎಂದರೆ, ಇದು ಪಿಚ್ಚರಿಂದಲ್ಲ, ನಿನ್ನಂಥ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ಒಬ್ಬ ಮಾಸ್ತರರದು ಎಂದು ಹೇಳಿದರೆ ಸಾಕು.